ಅವ್ರು ನೆಟ್ಟ ಗಿಡ

ವೀಡಿಯೊದಲ್ಲಿದ್ದ ಹುಣಸೆ ಮರವನ್ನು ಉಷಾ ಮೊದಲು ಗುರುತಿಸಿದಳು. ಅದರ ಕೆಳಗೆ ನಿಂತು ಮಾತಾಡುತ್ತಿದ್ದ ಹೆಂಗಸು ಯಾರೆಂದು ಹೊಳೆದದ್ದು ಆಮೇಲೆ.

ಬುಡದಲ್ಲೇ ಎರಡು ಕವಲಾಗಿ, ಆಳೆತ್ತರಕ್ಕೆ ಹೋದ ಮೇಲೆ ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಬೆಳೆದ ಮರ ಅದು. ಅಂಥದ್ದು ಇನ್ನೊಂದು ಇರಲಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉಷಾ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದಳು. ಆಗ ಗಿರಿಯಮ್ಮ ಎಂಬುವರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಭಾನುವಾರ ಬಂತೆಂದರೆ ಅವರ ಹೊಲದ ಅಂಚಿನಲ್ಲಿದ್ದ ಆ ಮರದ ಕೆಳಗೆ ಚಾಪೆ ಹಾಸಿಕೊಂಡು ಉತ್ತರಪತ್ರಿಕೆ ತಿದ್ದುವುದು ಅವಳ ಅಭ್ಯಾಸವಾಗಿತ್ತು. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಈಗ ಅವಳು ಚಿತ್ರದುರ್ಗದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ.

ಫೋನಿನ ಪರದೆಯಲ್ಲಿ ಗಿರಿಯಮ್ಮ ಬಿಳಿ ಕೂದಲಿನ ಮೇಲೆ ಸೆರಗು ಎಳೆದುಕೊಂಡು ಹೇಳುತ್ತಿದ್ದರು: "ಇದೆಲ್ಲ ಬೋಳು ಗುಡ್ಡ ಆಗಿತ್ತು. ಅವ್ರೇ ಗಿಡ ನೆಟ್ರು. ಅವ್ರೇ ನೀರು ಹಾಕಿದ್ರು. ಈಗ ನೋಡ್ರಿ, ಎಷ್ಟು ತಂಪಾಗೈತೆ."

ಹಿನ್ನೆಲೆಯಲ್ಲಿ ಕೊಳಲಿನ ದನಿ. ಕ್ಯಾಮೆರಾ ಮೇಲೇರುತ್ತಾ ಹೋಗಿ ಇಡೀ ತೋಪನ್ನು, ಅದರಾಚೆ ಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ತೋರಿಸಿತು. ಆಮೇಲೆ 'ನವಸೇತು ಇಂಡಸ್ಟ್ರೀಸ್' ಎಂಬ ಕಂಪನಿಯ ಹೆಸರು, ಅದರ ಕೆಳಗೆ 'ಧರಿತ್ರಿ ಸಸ್ಟೇನಬಲ್ ಫಂಡ್: ನಿಮ್ಮ ಹೂಡಿಕೆಯಿಂದ ಒಂದು ಗುಡ್ಡ ಹಸಿರಾಯಿತು' ಎಂಬ ಸಾಲು ಮೂಡಿತು.

ಉಷಾ ವೀಡಿಯೊವನ್ನು ಮೊದಲಿನಿಂದ ಮತ್ತೆ ಹಾಕಿದಳು. ತಾನು ಕೂತು ಪೇಪರ್ ತಿದ್ದಿದ ಮರವನ್ನು ಮೊನ್ನೆ ಮೊನ್ನೆ ಹುಟ್ಟಿದ ಕಂಪನಿ ಹೇಗೆ ನೆಟ್ಟೀತು? ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆ. ಸುಳ್ಳೆಂದು ಗೊತ್ತಿದ್ದೂ ಗಿರಿಯಮ್ಮ ಹೀಗೆ ಯಾಕೆ ಹೇಳಿದರು? ಅವರಿಗೆ ಏನು ಕೊಟ್ಟರು?

ವೀಡಿಯೊ ಕಳಿಸಿದವನು ಪರಮೇಶ್. ಉಷಾಳ ಹಳೆಯ ವಿದ್ಯಾರ್ಥಿ. ಈಗ ಚಿತ್ರದುರ್ಗದಲ್ಲಿ ಮ್ಯೂಚುವಲ್ ಫಂಡ್ ಏಜೆಂಟ್. ಹೊಳಲ್ಕೆರೆಯಲ್ಲಿದ್ದ ತಂದೆಯ ನಿವೇಶನ ಮಾರಿದಾಗ ತನ್ನ ಪಾಲಿಗೆ ಬಂದ ಹಣವನ್ನು ಎಲ್ಲಿಡುವುದೆಂದು ಉಷಾ ಅವನನ್ನೇ ಕೇಳಿದ್ದಳು. ಒಂದೇ ಷರತ್ತು ಹಾಕಿದ್ದಳು.

"ಲಾಭ ಸ್ವಲ್ಪ ಕಡಿಮೆ ಬಂದ್ರೂ ಪರವಾಗಿಲ್ಲಪ್ಪ. ಆದ್ರೆ ಈ ದುಡ್ಡು ಗಣಿಗೆ ಮಾತ್ರ ಹೋಗಬಾರದು."

ಅದಕ್ಕೆ ಕಾರಣವಿತ್ತು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಾಡುತ್ತಿದ್ದ ಕಾಲದಲ್ಲಿ ಅವಳ ತಂದೆಯ ಮನೆ ಅದೇ ರಸ್ತೆಯ ಬದಿಗಿತ್ತು. ಜಗಲಿ ಒರೆಸಿದರೆ ಬಟ್ಟೆ ಕೆಂಪಾಗುತ್ತಿತ್ತು. ತಂದೆ ಕೆಮ್ಮುತ್ತಾ ಕೆಮ್ಮುತ್ತಾ ಕುಗ್ಗಿಹೋದರು. ಧೂಳಿನಿಂದಲೇ ಬಂದ ಕಾಯಿಲೆ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಉಷಾಳಿಗೆ ಮಾತ್ರ ಅದರಲ್ಲಿ ಅನುಮಾನವಿರಲಿಲ್ಲ.

ಪರಮೇಶ್ ಆಗ ಧರಿತ್ರಿ ಫಂಡ್ ಸೂಚಿಸಿದ್ದ. "ಬಹಳ ಜನರ ದುಡ್ಡು ಒಟ್ಟು ಮಾಡಿ ಕಂಪನಿಗಳ ಷೇರು ತಗಂತಾರೆ ಮೇಡಂ. ಪರಿಸರಕ್ಕೆ ಒಳ್ಳೇದು ಮಾಡೋ ಕಂಪನಿಗಳನ್ನಷ್ಟೇ ಆರಿಸ್ತಾರೆ. ಅದಕ್ಕಂತಲೇ ಅಂಕ ಕೊಡೋ ಸಂಸ್ಥೆಗಳು ಅವೆ. ಈ ನವಸೇತು ನೋಡ್ರಿ, ಗಾಳಿ ವಿದ್ಯುತ್ ಕಂಪನಿ. ನಮ್ಮ ಗುಡ್ಡದ ಮೇಲೆ ತಿರುಗ್ತಾವಲ್ಲ, ಅವೇ." ಕಾಲೇಜಿನ ಮಹಡಿಯಿಂದ ಕಾಣುವ ಬಿಳಿ ರೆಕ್ಕೆಗಳಿಗೆ ತಂದೆಯ ಹಣ ಹೋಗುತ್ತದೆ ಎಂದು ಉಷಾ ಸಮಾಧಾನಪಟ್ಟಿದ್ದಳು.

ಈಗ ಅವಳು ಪರಮೇಶನಿಗೆ ಫೋನ್ ಮಾಡಿದಳು.

"ಚೆನ್ನಾಗೈತಲ್ಲ ಮೇಡಂ ವೀಡಿಯೊ? ನಮ್ಮ ಜಿಲ್ಲೇದೇ ಹಾಕವ್ರೆ!"

"ಪರಮೇಶ್, ಆ ಮರ ನನಗೆ ಗೊತ್ತು. ನಾನು ಕೆಲಸಕ್ಕೆ ಸೇರಿದಾಗಲೇ ಅದು ದೊಡ್ಡ ಮರ."

"ಮರಗಳೆಲ್ಲ ಒಂದೇ ಥರ ಕಾಣ್ತಾವೆ ಮೇಡಂ," ಎಂದ.

"ನನಗೆ ಹಂಗೆ ಕಾಣಲ್ಲ. ನಿನಗೂ ಕಾಣಬಾರದು, ನೀನು ನನ್ನ ಹತ್ರ ಓದಿದವನು."

ಅವನು ನಕ್ಕ. ಆದರೆ ಆ ನಗೆಯಲ್ಲಿ ಗಾಬರಿ ಇತ್ತೆಂದು ಉಷಾಳಿಗೆ ಅನ್ನಿಸಿತು. ವಿಚಾರಿಸಿ ಹೇಳುತ್ತೇನೆಂದು ಫೋನಿಟ್ಟವನು ವಾರವಾದರೂ ಹೇಳಲಿಲ್ಲ. ಮೊದಲೆಲ್ಲ ಹಬ್ಬಕ್ಕೂ ಹುಣ್ಣಿಮೆಗೂ ಸಂದೇಶ ಕಳಿಸುತ್ತಿದ್ದವನ ಸದ್ದಡಗಿತು.

ಗಂಡ ರಾಜಶೇಖರ್ ಸಂತೆಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವನು. ಊಟಕ್ಕೆ ಕೂತಾಗ ಎಲ್ಲ ಕೇಳಿಸಿಕೊಂಡು, "ಪೇಂಟಿನ ಡಬ್ಬಿ ಮೇಲೂ ಎಲೆ ಚಿತ್ರ ಹಾಕಿ ಕಳಿಸ್ತಾರೆ ಉಷಾ. ಒಳಗಿರೋದು ಅದೇ ಪೇಂಟು. ಫಂಡು ಬೆಳೀತಾ ಐತಲ್ಲ, ಸುಮ್ನಿರು," ಎಂದ.

"ಬೆಳೀತಾ ಐತೆ ಅಂತಲೇ ನನಗೆ ಅನುಮಾನ ರೀ. ಎಲ್ಲಿಂದ ಬೆಳೀತಾ ಐತೆ ಅಂತ ತಿಳೀಬೇಕು."

ಮರುದಿನ ಭಾನುವಾರ. ಅವಳು ಬೆಳಗಿನ ಬಸ್ಸು ಹಿಡಿದು ಹೊಳಲ್ಕೆರೆ ದಾಟಿ, ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಮತ್ತೋಡಿಗೆ ಹೋದಳು.

ಗಿರಿಯಮ್ಮನ ಮನೆಗೆ ಹೊಸ ಮುಂಬಾಗಿಲು ಬಂದಿತ್ತು. ಬಾಗಿಲ ಮುಂದೆ ನೀರಿನ ಟ್ಯಾಂಕರ್ ಒಂದು ನಿಂತಿತ್ತು. ಅದರ ಚಕ್ರಗಳಿಗೆಲ್ಲ ಕೆಂಪು ಧೂಳು ಮೆತ್ತಿತ್ತು. ಬದಿಯಲ್ಲಿ ಬರೆದಿದ್ದ ಹೆಸರು ಓದಿ ಉಷಾ ನಿಂತಲ್ಲೇ ನಿಂತಳು. ನವಸೇತು ಮೈನಿಂಗ್.

"ಯಾರು? ಅಯ್ಯೋ, ನಮ್ಮ ಟೀಚರಮ್ಮ!" ಗಿರಿಯಮ್ಮ ಹೊರಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಬರ್ರಿ, ಒಳಗೆ ಬರ್ರಿ. ಕುಂತ್ಕಳ್ರಿ. ಮಂಗಳಾ, ಯಾರು ಬಂದವ್ರೆ ನೋಡು!"

ಉಷಾ ಅಲ್ಲಿದ್ದಾಗ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಮಗಳು ಮಂಗಳಾ ಈಗ ಮಕ್ಕಳಿಬ್ಬರ ತಾಯಿ. ಅವಳ ಗಂಡ ಪಾಪಣ್ಣ ಆ ಟ್ಯಾಂಕರ್‌ನ ಡ್ರೈವರ್. ಗುಡ್ಡದ ಆಚೆ ಮಗ್ಗುಲಲ್ಲಿ ಅದಿರು ತೆಗೆಯುತ್ತಾರೆ. ಲಾರಿ ಓಡಾಡುವ ದಾರಿಗೆ ಧೂಳೇಳದಂತೆ ನೀರು ಚಿಮುಕಿಸುವುದು ಅವನ ಕೆಲಸ. ಇದನ್ನೆಲ್ಲ ಮಂಗಳಾ ಕಾಫಿ ಕೊಡುತ್ತಾ ಸಹಜವಾಗಿ ಹೇಳಿದಳು. ಉಷಾ ಕಾಫಿಯನ್ನು ಬಾಯಿಗಿಡದೆ ಕೂತಳು. ಗಾಳಿಯ ಕಂಪನಿ ಎಂದು ನಂಬಿದ್ದ ಹೆಸರಿಗೆ ಗಣಿಯೂ ಅಂಟಿಕೊಂಡಿತ್ತು. ಯಾವುದು ಬೇಡವೆಂದಿದ್ದಳೋ ಅದಕ್ಕೇ ತಂದೆಯ ಹಣ ಹೋಗಿತ್ತು.

"ಗಿರಿಯಮ್ಮ, ನಿಮ್ಮನ್ನ ವೀಡಿಯೊದಲ್ಲಿ ನೋಡಿದೆ," ಎಂದಳು. ತನ್ನ ದನಿ ಬಿಗಿಯಾದದ್ದು ಅವಳಿಗೇ ಕೇಳಿಸಿತು.

ಗಿರಿಯಮ್ಮನ ಮುಖ ಅರಳಿತು. "ನೀವೂ ನೋಡಿದ್ರಾ? ನನಗೆ ಯಾರೂ ತೋರಿಸಿಲ್ಲ ನೋಡ್ರಿ. ಪರಿಸರ ದಿನಕ್ಕೆ ಅಂತ ಬಂದು ತಕ್ಕಂಡು ಹೋದ್ರು. ಹುಡ್ಗೀರು ಬಹಳ ಚೆನ್ನಾಗಿ ಮಾತಾಡ್ಸಿದ್ರು."

"ಕಂಪನಿಯವರು ಗಿಡ ನೆಟ್ರು ಅಂತ ಯಾಕೆ ಹೇಳಿದ್ರಿ? ಏನಾರ ಕೊಟ್ರಾ?"

"ಯಾವ ಕಂಪನಿ?"

ಉಷಾ ಫೋನ್ ತೆಗೆದು ವೀಡಿಯೊ ಹಾಕಿದಳು. ಗಿರಿಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಪರದೆಯ ಗಿರಿಯಮ್ಮ "ಅವ್ರೇ ಗಿಡ ನೆಟ್ರು" ಎಂದಾಗ ಅವರು ತಲೆಯಾಡಿಸಿದರು.

"ಹೌದಲ್ಲ? ಅವ್ರೇ ನೆಟ್ಟಿದ್ದು."

"ಯಾರು, ಗಿರಿಯಮ್ಮ?"

"ಇವ್ರೊಬ್ರು! ಅವ್ರು ಅಂದ್ರೆ ಇನ್ಯಾರು? ನಮ್ಮನೆಯವ್ರು!"

ಉಷಾ ತಲೆಯೆತ್ತಿ ನೋಡಿದಳು. ಗೋಡೆಯ ಮೇಲಿನ ಫೋಟೋದಲ್ಲಿ ಗಿರಿಯಮ್ಮನ ಗಂಡ ತಿಮ್ಮರಾಯಪ್ಪ ಪೇಟ ಸುತ್ತಿಕೊಂಡು ಗಂಭೀರವಾಗಿ ಕೂತಿದ್ದರು. ಅವರು ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ಕಡೆ ಕೊಡ ತೂಗಿಸಿಕೊಂಡು ಗುಡ್ಡ ಹತ್ತುತ್ತಿದ್ದದ್ದು ಉಷಾಳ ಕಣ್ಣ ಮುಂದೆ ಬಂತು. ಗಂಡನ ಹೆಸರು ಹೇಳದ ಗಿರಿಯಮ್ಮ, ಗಂಡ ಬದುಕಿರುವಾಗಲೂ ಸತ್ತ ಮೇಲೂ ಅವರನ್ನು 'ಅವ್ರು' ಎಂದೇ ಕರೆದಿದ್ದರು. ಆ ಒಂದು ಮಾತಿನ ಮುಂದೆ ಕಂಪನಿಯ ಹೆಸರು ತಂದು ನಿಲ್ಲಿಸಿದರೆ ಸಾಕಾಗಿತ್ತು. ಸುಳ್ಳು ಹೇಳಿಸುವ ಕಷ್ಟವನ್ನೂ ಯಾರೂ ಪಟ್ಟಿರಲಿಲ್ಲ.

ಗಿರಿಯಮ್ಮನನ್ನು ಅನುಮಾನಿಸಿದ್ದಕ್ಕೆ ಉಷಾಳಿಗೆ ನಾಚಿಕೆಯಾಯಿತು. ವೀಡಿಯೊದ ಕೊನೆಯ ಸಾಲನ್ನು ಓದಿ ಹೇಳಿದಳು. ಮಂಗಳಾಳಿಗೆ ಅರ್ಥವಾಯಿತು. ಅವಳು ತಾಯಿಯ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಅಲ್ಲಿ ಪಾಪಣ್ಣ ಸ್ನಾನ ಮುಗಿಸಿ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ನೀವು ಪೇಪರ್‌ನೋರಾ?" ಎಂದು ಕೇಳಿದ.

"ಅಲ್ಲಪ್ಪ. ಇಲ್ಲೇ ಟೀಚರ್ ಆಗಿದ್ದೆ."

"ಮತ್ತೆ ಇದನ್ನೆಲ್ಲ ಯಾಕೆ ಕೇಳ್ತೀರಿ?" ದನಿಯಲ್ಲಿ ಒರಟುತನವಿರಲಿಲ್ಲ, ಹೆದರಿಕೆ ಇತ್ತು. "ನಾನು ಕಂಟ್ರಾಕ್ಟ್ ಮೇಲೆ ಇರೋನು. ಅತ್ತೆ ಹಿಂಗಂದ್ರು ಅಂತ ಯಾರಾರ ಬರೆದ್ರೆ ನಾಳೆ ಇನ್ನೊಬ್ಬನ್ನ ಟ್ಯಾಂಕರ್ ಹತ್ತಿಸ್ತಾರೆ. ನಮ್ಮ ಹೆಸರು ತರಬ್ಯಾಡ್ರಿ ಮೇಡಂ."

ಗಿರಿಯಮ್ಮ ಅಳಿಯನನ್ನೂ ಉಷಾಳನ್ನೂ ನೋಡಿದರು. "ಹೋಗ್ಲಿ ಬಿಡ್ರಿ ಟೀಚರಮ್ಮ. ಮರ ಎಲ್ಲೂ ಹೋಗಿಲ್ಲವಲ್ಲ," ಎಂದರು. ಆದರೆ ಫೋನನ್ನು ಕೂಡಲೇ ವಾಪಸು ಕೊಡಲಿಲ್ಲ. ನಿಂತುಹೋದ ಚಿತ್ರವನ್ನು ಹೆಬ್ಬೆರಳಿನಿಂದ ಒರೆಸುತ್ತಾ ಕೂತಿದ್ದರು.

ಹೆಸರು ಹೇಳುವುದಿಲ್ಲ ಎಂದು ಉಷಾ ಮಾತು ಕೊಟ್ಟು ಬಂದಳು. ಫಂಡ್ ಕಂಪನಿಗೆ ಇಮೇಲ್ ಬರೆಯುವಾಗ ಅದಕ್ಕೆ ತಕ್ಕಂತೆ ಬರೆದಳು: ವೀಡಿಯೊದಲ್ಲಿ ತೋರಿಸಿದ ತೋಪು ನವಸೇತು ಬೆಳೆಸಿದ್ದಲ್ಲ, ಆ ಕಂಪನಿ ಗಣಿಯನ್ನೂ ನಡೆಸುತ್ತದೆ, ಹೂಡಿಕೆದಾರರಿಗೆ ಇದನ್ನು ಯಾಕೆ ಹೇಳಲಿಲ್ಲ? ಉತ್ತರ ನಯವಾಗಿತ್ತು. ಗಣಿಯ ವಿಷಯ ವಾರ್ಷಿಕ ವರದಿಯಲ್ಲಿ ಇದೆಯಂತೆ. ನವಸೇತುವಿಗೆ ಪರಿಸರದ ಅಂಕ ಚೆನ್ನಾಗಿದೆಯಂತೆ. ಅದರ ಹಸಿರು ಯೋಜನೆ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಬಳಿ ಇದೆಯಂತೆ. ವೀಡಿಯೊದ ದೃಶ್ಯಗಳು ಸಾಂಕೇತಿಕವಂತೆ.

'ಸಾಂಕೇತಿಕ' ಎಂಬ ಪದವನ್ನು ಉಷಾ ಗಂಡನಿಗೆ ಓದಿ ಹೇಳಿದಳು. ರಾಜಶೇಖರ್ ಮೊದಲ ಸಲ ನಗಲಿಲ್ಲ. "ತಿಮ್ಮರಾಯಪ್ಪನೋರು ಸಾಂಕೇತಿಕವಾ?" ಎಂದಷ್ಟೇ ಕೇಳಿದ. ಮದುವೆಯ ಹೊಸತರಲ್ಲಿ ಆ ಮನೆಯಲ್ಲಿ ಅವನೂ ಉಂಡಿದ್ದ.

ಆ ಇಮೇಲಿನ ಒಂದು ಪ್ರತಿ ಪರಮೇಶನಿಗೂ ಹೋಗಿತ್ತು. ಅಂದು ಸಂಜೆಯೇ ಅವನು ಮನೆಗೆ ಬಂದ.

"ಮೇಡಂ, ನಿಮಗೆ ಫಂಡು ಬ್ಯಾಡ ಅಂದ್ರೆ ತಕ್ಕಳ್ರಿ. ಆದ್ರೆ ಹಿಂಗೆ ಊರೆಲ್ಲ ಮಾಡಬ್ಯಾಡ್ರಿ. ನನ್ನ ಮಾತು ನಂಬಿ ದುಡ್ಡು ಹಾಕಿರೋರು ಈ ಊರಾಗೆ ಬಹಳ ಜನ ಅವ್ರೆ."

"ನಾನೂ ನಿನ್ನ ಮಾತು ನಂಬಿಯೇ ಹಾಕಿದ್ದಪ್ಪ. ಗಣಿ ಐತೆ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ನನ್ನ ಮುಖ ನೋಡಿ ಹೇಳು."

ಅವನು ಮುಖ ನೋಡಿದ. "ನಿಜವಾಗ್ಲೂ ಗೊತ್ತಿರಲಿಲ್ಲ ಮೇಡಂ. ನಾನು ಹುಡುಕಲಿಲ್ಲ. ಯಾರೂ ಕೇಳಲ್ಲ. ಎಷ್ಟು ಬೆಳೀತು ಅಂತ ಕೇಳ್ತಾರೆ, ಹೇಳ್ತೀನಿ. ಹಸಿರು ಅಂತ ಕೇಳಿದೋರು ನೀವೊಬ್ರೇ. ಆ ಹೆಸರಿನ ಫಂಡ್ ಇತ್ತು, ಕೊಟ್ಟೆ."

ಉಷಾಳಿಗೆ ಅದು ನಿಜವೆನ್ನಿಸಿತು. ಸುಳ್ಳು ಹೇಳಿದ್ದರೆ ಸಿಟ್ಟು ಮಾಡಬಹುದಿತ್ತು. ಈ ನಿಜಕ್ಕೆ ಏನು ಮಾಡುವುದೆಂದು ತೋಚಲಿಲ್ಲ.

"ಯಲ್ಲದಕೆರೆಗೆ ಹೋಗಾಣ ನಡೀರಿ," ಎಂದ ಪರಮೇಶ್ ತಾನಾಗಿಯೇ. "ಅಲ್ಲಿ ಗಿಡ ಐತೋ ಇಲ್ಲೋ ನೋಡೇಬಿಡಾಣ. ಇದ್ರೆ ನೀವು ಸಮಾಧಾನ ಮಾಡ್ಕಬೇಕು. ಇಲ್ಲದಿದ್ರೆ ನಾನೇ ನಿಮ್ಮ ಜೊತೆ ನಿಂತ್ಕಂತೀನಿ."

ಮುಂದಿನ ಶನಿವಾರ ಮಧ್ಯಾಹ್ನ ಅವನ ಕಾರಿನಲ್ಲಿ ಹಿರಿಯೂರಿನ ಕಡೆ ಹೊರಟರು. ಅವನು ಮೊದಲೇ ಯಾರಿಗಾದರೂ ಹೇಳಿ ಏನಾದರೂ ಸಿದ್ಧ ಮಾಡಿಸಿರಬಹುದೇ ಎಂಬ ಯೋಚನೆ ಉಷಾಳಿಗೆ ಬಂತು. ಅವಳ ಫೋನ್ ಮಡಿಲಲ್ಲಿರಲಿ, ಕೈಯಲ್ಲಿರಲಿ, ಏನನ್ನೋ ರೆಕಾರ್ಡ್ ಮಾಡುತ್ತಿದ್ದಾಳೆ ಎಂದು ಅವನಿಗೂ ಅನುಮಾನ. ಆಗಾಗ ಅದರ ಕಡೆ ಕಣ್ಣು ಹಾಯಿಸುತ್ತಿದ್ದ.

ಗಿಡಗಳಿದ್ದವು. ಉಷಾ ಅದನ್ನು ನಿರೀಕ್ಷಿಸಿರಲಿಲ್ಲ. ಯಲ್ಲದಕೆರೆಯಿಂದ ಸ್ವಲ್ಪ ಆಚೆ ರಸ್ತೆಗೆ ಹೊಂದಿಕೊಂಡು ತಂತಿಬೇಲಿ, ನವಸೇತುವಿನ ಬೋರ್ಡು. ಒಳಗೆ ಸಾಲುಸಾಲಾಗಿ ಗುಂಡಿ. ಅರ್ಧಕ್ಕರ್ಧ ಗುಂಡಿಗಳಲ್ಲಿ ಬರೀ ಒಣಕಡ್ಡಿ. ಉಳಿದವುಗಳಲ್ಲಿ ಬೇವು, ಹೊಂಗೆ ಮೊಣಕಾಲೆತ್ತರ ಬೆಳೆದು ಬಿಸಿಲಿಗೆ ಬಾಡಿ ನಿಂತಿದ್ದವು. ಆಡುಗಳು ಬೇಲಿಯ ಸಂದಿಯಲ್ಲಿ ನುಗ್ಗಿ ಒಂದು ಮೂಲೆಯನ್ನು ಬೋಳಿಸಿದ್ದವು. ಉಷಾ ಬಗ್ಗಿ ಒಂದು ಹೊಂಗೆಯ ಎಲೆ ಮುಟ್ಟಿ ನೋಡಿದಳು. ಗಿಡ ಬದುಕಿತ್ತು. ಈ ವರ್ಷದ ಬೇಸಿಗೆ ಕಳೆದರೆ ನಿಲ್ಲಬಹುದು.

"ನೋಡಿದ್ರಾ ಮೇಡಂ?" ಪರಮೇಶನ ದನಿಗೆ ಜೀವ ಬಂತು. "ನೆಟ್ಟವ್ರೆ. ಪೂರ್ತಿ ಸುಳ್ಳಲ್ಲ."

"ಹೌದು, ನೆಟ್ಟವ್ರೆ," ಎಂದಳು ಉಷಾ. "ಹಂಗಾದ್ರೆ ಇದನ್ನೇ ಯಾಕೆ ತೋರಿಸಲಿಲ್ಲ?"

ಅವನು ಒಣಕಡ್ಡಿಗಳ ಸಾಲನ್ನು ನೋಡುತ್ತಾ ನಿಂತ.

"ಇಷ್ಟು ಹೋದವು, ಇಷ್ಟು ಉಳಿದವು ಅಂತ ಹೇಳಿದ್ರೆ ನಾನು ಇನ್ನೂ ಕಾಯ್ತಿದ್ದೆ ಪರಮೇಶ್. ಗಿಡ ಬೆಳೆಸೋದು ಕಷ್ಟ ಅಂತ ನನಗೆ ಗೊತ್ತು. ತಿಮ್ಮರಾಯಪ್ಪನೋರು ಒಂದು ಜೀವಮಾನ ಸವೆಸಿದ್ರು. ಇವರು ಅದನ್ನ ಒಂದು ಮಧ್ಯಾಹ್ನದಾಗೆ ಕ್ಯಾಮೆರಾ ಹಿಡಿದು ತಗಂಡು ಹೋದ್ರು."

ವಾಪಸು ಬರುವಾಗ ಹಿರಿಯೂರಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಪರಮೇಶ್ ಚಹಾ ಆರುವವರೆಗೂ ಲೋಟ ಹಿಡಿದುಕೊಂಡೇ ಇದ್ದ. "ಮುಂದಿನ ತಿಂಗಳು ದುರ್ಗದಾಗೆ ಹೂಡಿಕೆದಾರರ ಸಭೆ ಐತೆ ಮೇಡಂ. ಬೆಂಗಳೂರಿಂದ ಫಂಡ್‌ನೋರು ಬರ್ತಾರೆ. ನೀವು ಬಂದು ಕೇಳ್ರಿ. ನಾನು ತಡೆಯಲ್ಲ," ಎಂದ. ಜೊತೆಗೆ ನಿಲ್ಲುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಆ ಸಭೆಗೆ ಮುಂಚೆ ಇನ್ನೊಂದು ಸಂಗತಿ ನಡೆಯಿತು. ಫಂಡ್‌ನವರು ವೀಡಿಯೊ ಬದಲಿಸಿದರು. ಉಷಾಳ ದೂರಿಗೆ ಇದೇ ಪರಿಹಾರ ಎಂದುಕೊಂಡರೋ ಏನೋ, ಗಿರಿಯಮ್ಮನನ್ನು ತೆಗೆದುಹಾಕಿದ್ದರು. ಹುಣಸೆ ಮರ ಹಾಗೇ ಇತ್ತು. ತೋಪು ಹಾಗೇ ಇತ್ತು. ಮಾತಿನ ಬದಲು ಅದೇ ಕೊಳಲು, ಅದೇ ಕೊನೆಯ ಸಾಲು.

ಅದನ್ನು ಮಂಗಳಾ ತನ್ನ ಫೋನಿನಲ್ಲಿ ತಾಯಿಗೆ ತೋರಿಸಿದಳು. ಅವತ್ತೇ ಗಿರಿಯಮ್ಮ ಉಷಾಳಿಗೆ ಫೋನ್ ಮಾಡಿಸಿದರು.

"ಟೀಚರಮ್ಮ, ನನ್ನ ತೆಗೆದವ್ರೆ."

"ನೋಡಿದೆ ಗಿರಿಯಮ್ಮ. ನಾನೇ ಬರೆದಿದ್ದೆ, ನಿಮ್ಮ ಹೆಸರು ಹೇಳಿರಲಿಲ್ಲ..."

"ಅದಲ್ಲ." ಗಿರಿಯಮ್ಮ ನಡುವೆಯೇ ಮಾತು ತಡೆದರು. "ನಾನಿದ್ದಾಗ, ಹೋಗ್ಲಿ, ನೋಡಿದೋರಿಗೆ ಇದು ಗಿರಿಯಮ್ಮನ ಹೊಲ ಅಂತಾದ್ರೂ ಗೊತ್ತಾಗ್ತಿತ್ತು. ಈಗ ನನ್ನನ್ನ ತೆಗೆದು ಗಿಡ ಇಟ್ಕಂಡವ್ರಲ್ಲ! ಯಾರೂ ಇಲ್ಲದ ಗುಡ್ಡದಾಗೆ ಇವರೇ ಬಂದು ಬೆಳೆಸಿದಂಗೆ! ಅವ್ರು ಆ ಗುಡ್ಡ ಹತ್ತಿ ಹತ್ತಿ ಮಂಡಿ ಕಳ್ಕಂಡ್ರು. ಕಡೇ ದಿನಗಳಾಗೆ ಏಳಾಕೂ ಆಗ್ತಿರಲಿಲ್ಲ, ಆದ್ರೂ ನೀರು ಹಾಕಿದ್ಯಾ ಅಂತ ಕೇಳೋರು. ದುಡ್ಡು ಹಾಕಿದೋರ ಸಭೆ ಐತೆ ಅಂತ ಮೊನ್ನೆ ಹೇಳಿದ್ರಲ್ಲ, ಅದು ಎಲ್ಲೈತೆ ಹೇಳ್ರಿ. ನಾನು ಬರ್ತೀನಿ."

"ಪಾಪಣ್ಣ?"

"ಅವನಿಗೆ ಹೇಳಿದೀನಿ. ಬ್ಯಾಡ ಅಂದ. ಹೊಸ ಬಾಗಿಲು ಮಾಡಿಸಿದೋನು ಅವನು, ಅವನ ಮಾತೂ ನನಗೆ ಬೇಕು. ಆದ್ರೂ ಬರ್ತೀನಿ."

ಸಭೆ ಚಿತ್ರದುರ್ಗದ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ. ನಿವೃತ್ತ ನೌಕರರು, ಮೇಷ್ಟರುಗಳು, ಅಂಗಡಿಯವರು, ಒಬ್ಬಿಬ್ಬರು ಡಾಕ್ಟರುಗಳು. ಗಿರಿಯಮ್ಮ ಮಂಗಳಾಳ ಜೊತೆ ಬಸ್ಸಿನಲ್ಲಿ ಬಂದಿದ್ದರು. ರಾಜಶೇಖರ್ ಅಂಗಡಿಗೆ ಬೀಗ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತ. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ಅಚ್ಚುಕಟ್ಟಾಗಿ ಮಾತಾಡಿದ. ಪೃಥ್ವಿ, ಮುಂದಿನ ಪೀಳಿಗೆ, ಜವಾಬ್ದಾರಿ ಎಂಬ ಮಾತುಗಳು ಮತ್ತೆ ಮತ್ತೆ ಬಂದವು. ದೊಡ್ಡ ಪರದೆಯ ಮೇಲೆ ಹೊಸ ವೀಡಿಯೊ ಓಡಿತು.

ಪ್ರಶ್ನೆಗಳಿಗೆ ಸಮಯ ಬಂದಾಗ ಉಷಾ ಎದ್ದು ನಿಂತಳು. ತಾನು ಕಂಡದ್ದನ್ನು ಹೇಳಿದಳು. ಮತ್ತೋಡಿನ ತೋಪು, ಗುಡ್ಡದಾಚೆಯ ಗಣಿ, ಯಲ್ಲದಕೆರೆಯ ಕಡ್ಡಿಗಳು.

"ಮೇಡಂ, ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತೆ," ಎಂದ ಅಧಿಕಾರಿ. "ಸಭೆ ಮುಗಿದ ಮೇಲೆ ನಾವಿಬ್ಬರೇ ಕೂತು ಮಾತಾಡೋಣ. ಬೇರೆಯವರ ಸಮಯ..."

"ಹೌದು ಕಣ್ರಿ," ಎಂದರು ಮುಂದಿನ ಸಾಲಿನ ಒಬ್ಬ ಹಿರಿಯರು ತಿರುಗಿ. "ಫಂಡು ಚೆನ್ನಾಗಿ ಹೋಗ್ತಾ ಐತೆ. ಯಾವ ಮರ ಯಾರದ್ದು ಅಂತ ಹುಡುಕ್ತಾ ಕೂತ್ರೆ ಆತಾ?"

ಯಾರೋ ನಕ್ಕರು. ಆಗ ಗಿರಿಯಮ್ಮ ಮಂಗಳಾಳ ಭುಜ ಹಿಡಿದು ಎದ್ದರು.

"ಮರ ನನ್ನದು," ಎಂದರು. ಮೈಕು ಇರಲಿಲ್ಲ. ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. "ನಮ್ಮ ಯಜಮಾನ್ರು ನೆಟ್ಟಿದ್ದು. ಅವ್ರ ಹೆಸರು..." ಒಂದು ಗಳಿಗೆ ತಡೆದರು. ಮಂಗಳಾ ಮೆಲ್ಲಗೆ ತಾನೇ ಹೇಳಹೊರಟಳು. ಗಿರಿಯಮ್ಮ ಕೈ ಅಡ್ಡ ಹಿಡಿದು ತಡೆದರು. "ತಿಮ್ಮರಾಯಪ್ಪ. ತಿಮ್ಮರಾಯಪ್ಪ ಅಂತ ಅವ್ರ ಹೆಸರು. ಇದನ್ನ ನಾನು ಅವತ್ತೇ ಹೇಳಿದ್ರೆ ನೀವು ಹಿಂಗೆ ಮಾಡಾಕೆ ಆಗ್ತಿರಲಿಲ್ಲ. ಈಗ ಹೇಳೀನಿ. ಬರ್ಕಳ್ರಿ."

ಉಷಾ ಅವರನ್ನು ಬೆರಗಿನಿಂದ ನೋಡಿದಳು. ಆ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಮಂಗಳಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಅಧಿಕಾರಿ ಕೈಮುಗಿದು, "ಅಮ್ಮಾ, ನಾವು ಪರಿಶೀಲಿಸ್ತೀವಿ," ಎಂದ. ಸಭೆಯ ದೊಡ್ಡ ಪಾಲು ತಿಂಡಿಯ ಕಡೆ ಎದ್ದು ಹೋಯಿತು. ಚಪ್ಪಾಳೆಯೇನೂ ಬೀಳಲಿಲ್ಲ. ಆದರೆ ಬಾಗಿಲ ಬಳಿ ಸುಮಿತ್ರಾ ಎಂಬ ನರ್ಸ್ ಒಬ್ಬರು ಪರಮೇಶನನ್ನು ಹಿಡಿದು ನಿಲ್ಲಿಸಿದರು. "ನನಗೂ ಗಾಳಿ ಕಂಪನಿ ಅಂತಲೇ ಹೇಳಿದ್ದೆಯಲ್ಲಪ್ಪ?" ಎಂದು ಅವರು ಕೇಳಿದ್ದು ಉಷಾಳ ಕಿವಿಗೆ ಬಿತ್ತು. ಪರಮೇಶ್ ಒಮ್ಮೆ ಅಧಿಕಾರಿಯ ಕಡೆ ನೋಡಿದ. ಆಮೇಲೆ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, "ಹೇಳಿದ್ದೆ ಅಕ್ಕ. ತಪ್ಪು ಹೇಳಿದ್ದೆ. ಯಲ್ಲದಕೆರೆಗೆ ಹೋಗಿ ನಾನೇ ನೋಡ್ಕಂಡು ಬಂದೀನಿ. ಮೇಡಂ ಹೇಳಿದ್ದು ನಿಜ," ಎಂದ.

ಗಿರಿಯಮ್ಮನ ಹೇಳಿಕೆಯನ್ನು ಸೇರಿಸಿ ಉಷಾ ಹೂಡಿಕೆದಾರರ ದೂರುಗಳ ಪೋರ್ಟಲ್‌ನಲ್ಲಿ ದೂರು ಹಾಕಿದಳು. ಈ ಸಲ ಹೆಸರುಗಳೆಲ್ಲ ಇದ್ದವು. ಕೆಲವು ವಾರಗಳಲ್ಲಿ ವೀಡಿಯೊ ಪೂರ್ತಿಯಾಗಿ ಮಾಯವಾಯಿತು. ಕ್ಷಮೆ ಕೇಳಿದ ಎರಡು ಸಾಲಿನ ಉತ್ತರ ಮತ್ತೋಡಿನ ವಿಳಾಸಕ್ಕೆ ಬಂತು. ನವಸೇತು ಮಾತ್ರ ಫಂಡಿನಲ್ಲಿ ಹಾಗೇ ಉಳಿಯಿತು. ಉಷಾ ತನ್ನ ಹಣವನ್ನು ಫಂಡಿನಿಂದ ವಾಪಸು ತೆಗೆದುಕೊಂಡಳು. ದೀಪಾವಳಿಯ ಹೊತ್ತಿಗೆ ಒಂದು ದಿನ ನೋಡಿದರೆ ಫಂಡಿನ ಪಟ್ಟಿಯಲ್ಲಿ ನವಸೇತುವಿನ ಹೆಸರು ಇರಲಿಲ್ಲ. ಗಣಿಯ ಕಾರಣಕ್ಕೆ ಮಾರಿದರೋ, ಬೆಲೆ ಏರಿತೆಂದು ಮಾರಿದರೋ, ಯಾರೂ ಹೇಳಲಿಲ್ಲ.

ಪಾಪಣ್ಣನ ಕೆಲಸ ಹೋಯಿತು. ಕಂಟ್ರಾಕ್ಟರ್ ಬದಲಾದ, ಹೊಸಬ ತನ್ನವರನ್ನು ತಂದ ಎಂದರು. ಅದು ನಿಜವೂ ಇರಬಹುದಿತ್ತು. ಸಭೆಯ ಮಾರನೆಯ ತಿಂಗಳೇ ಹಾಗಾದದ್ದು ಆಕಸ್ಮಿಕವೂ ಇರಬಹುದಿತ್ತು. ಅವನು ಅತ್ತೆಯ ಜೊತೆ ಮಾತು ಬಿಟ್ಟ. ಸಭೆಯ ದಿನ ಮಂಗಳಾಳ ಭುಜ ಹಿಡಿದು ಎದ್ದಿದ್ದ ಗಿರಿಯಮ್ಮನಿಗೆ ಈಗ ಮಗಳ ಮುಖ ನೋಡುವುದೇ ಕಷ್ಟವಾಯಿತು. ಉಷಾ ಹೋಗಿ ಅವನ ಮುಂದೆ ನಿಂತಾಗ, "ನೀವು ದುಡ್ಡು ವಾಪಸ್ ತಗಂಡ್ರಿ ಮೇಡಂ. ನಾನು ಏನು ತಗಳ್ಳಿ?" ಎಂದ. ಮನೆಗೆ ಬಂದು ಅವಳು ಅದನ್ನು ಗಂಡನಿಗೆ ಹೇಳಿದಳು. ರಾಜಶೇಖರ್ ತನಗೆ ಸಾಮಾನು ಸಾಗಿಸುವ ಗೂಡ್ಸ್ ಗಾಡಿಯವರ ಹತ್ತಿರ ಮಾತಾಡಿ ಹೊಸದುರ್ಗದಲ್ಲಿ ಅವನಿಗೆ ಡ್ರೈವರ್ ಕೆಲಸ ಕೊಡಿಸಿದ. ಪಾಪಣ್ಣ ಸೇರಿದ. ಮಾತು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಪರಮೇಶ್ ಮತ್ತೊಂದು ಹಸಿರು ಫಂಡಿನ ವಿವರ ತಂದಿದ್ದ. ಈ ಸಲ ಅದರ ಕಂಪನಿಗಳ ಹೆಸರು ಒಂದೊಂದಾಗಿ ತಾನೇ ಹುಡುಕಿ, ಗೊತ್ತಾಗದ ಕಡೆ ಗೊತ್ತಾಗಲಿಲ್ಲ ಎಂದು ಗುರುತು ಹಾಕಿಕೊಂಡು ಬಂದಿದ್ದ. ಅಂಥ ಗುರುತುಗಳೇ ಹೆಚ್ಚಿದ್ದವು. ಉಷಾ ಅವನ ಶ್ರಮವನ್ನು ಮೆಚ್ಚಿದಳು, ಹಣ ಹಾಕಲಿಲ್ಲ.

"ಹಂಗಾದ್ರೆ ಬ್ಯಾಂಕಿನಾಗೆ ಇಡು," ಎಂದ ರಾಜಶೇಖರ್. ಆಮೇಲೆ ಅವನೇ ತಡೆದು, "ಆದ್ರೆ ಬ್ಯಾಂಕಿನೋರು ಆ ದುಡ್ಡನ್ನ ಯಾರಿಗೆ ಸಾಲ ಕೊಡ್ತಾರೆ ಅಂತ ನಮಗೇನು ಗೊತ್ತು?" ಎಂದ. ಹಿಂದೆ ಇಂಥ ಮಾತಿಗೆ ನಕ್ಕು ಬಿಡುತ್ತಿದ್ದವನು ಅವನೇ.

"ಗೊತ್ತಿಲ್ಲ ರೀ. ಅದಕ್ಕೇ ಕೇಳಬೇಕು."

ಸೋಮವಾರ ಕಾಲೇಜು ಮುಗಿಸಿ ಉಷಾ ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಸುಪ್ರಿಯಾ ಚಿಕ್ಕ ವಯಸ್ಸಿನವಳು, ನಗುಮುಖದವಳು. ಠೇವಣಿಯ ಬಡ್ಡಿ, ಅವಧಿ, ನಾಮಿನಿ ಎಲ್ಲ ಹೇಳಿ ಮುಗಿಸಿ, "ಇನ್ನೇನಾದರೂ ಕೇಳೋದು ಐತಾ ಮೇಡಂ?" ಎಂದಳು.

"ಐತಮ್ಮ. ನಾನು ಇಲ್ಲಿಡೋ ದುಡ್ಡು ಯಾರಿಗೆ ಸಾಲ ಹೋಗ್ತೈತೆ?"

ಸುಪ್ರಿಯಾ ತಮಾಷೆ ಎಂದುಕೊಂಡು ನಕ್ಕಳು. ಎದುರಿನವಳು ನಗದಿದ್ದುದನ್ನು ಕಂಡು ಕುರ್ಚಿಯಲ್ಲಿ ನೇರವಾಗಿ ಕೂತಳು. "ಅದನ್ನ ಯಾರೂ ಕೇಳಿರಲಿಲ್ಲ ಮೇಡಂ. ನನಗೂ ಪೂರ್ತಿ ಗೊತ್ತಿಲ್ಲ. ಮೇಲಿನವರನ್ನ ಕೇಳಬೇಕು," ಎಂದಳು.

"ಕೇಳಮ್ಮ. ನಾನು ಕಾಯ್ತೀನಿ," ಎಂದು ಉಷಾ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು.